ಪಿಪಿಟಿ ಜಾಲಕ್ಕೆ ಹೋಗಲಿ, ಮೇಷ್ಟ್ರ ಮಾತೂ ಜೊತೆಗೆ ಹೋಗಲಿ

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬರುವ ಮೇ ತಿಂಗಳಿಗೆ ನಿವೃತ್ತಿ. ಹದಿನಾಲ್ಕು ವರ್ಷಗಳಿಂದ ಮಾಡಿಟ್ಟ 126 ಪಿಪಿಟಿಗಳು ಪೆನ್‌ಡ್ರೈವಿನಲ್ಲಿವೆ. ಎಲ್ಲವೂ ಕನ್ನಡದಲ್ಲಿ, ಬಹುಪಾಲು ನುಡಿಯಲ್ಲಿ ಟೈಪ್ ಮಾಡಿದವು. ನಾನು ಹೋದ ಮೇಲೂ ಮಕ್ಕಳಿಗೆ ಸಿಗಲಿ ಎಂದು ಅವನ್ನು ಜಾಲತಾಣಕ್ಕೆ ಏರಿಸುವ ಆಸೆ. ಸಹೋದ್ಯೋಗಿಯೊಬ್ಬರು ಪಿಪಿಟಿಯನ್ನು ವೆಬ್ಬಿಗೆ ಪರಿವರ್ತಿಸುವ ಸಾಫ್ಟ್‌ವೇರ್ ತೋರಿಸಿದರು. ಚೆನ್ನಾಗಿದೆ, ಆದರೆ ಅದರ ವರ್ಷದ ಚಂದಾ ನನ್ನ ಒಂದು ತಿಂಗಳ ಪಿಂಚಣಿಯ ಹತ್ತಿರ ಬರುತ್ತದೆ. ಮಗ ಗೂಗಲ್ ಸ್ಲೈಡ್ಸ್ ಸಾಕು ಅನ್ನುತ್ತಾನೆ. ಅದಕ್ಕೆ ಒಂದು ಪಿಪಿಟಿ ಏರಿಸಿ ನೋಡಿದರೆ ಕನ್ನಡವೆಲ್ಲ ಗಜಿಬಿಜಿ. ಅಳಿಯ ರಿವೀಲ್ ಜೆಎಸ್ ಎಂದು ಏನೋ ಹೇಳಿದ, ನನಗೆ ಅರ್ಥವಾಗಲಿಲ್ಲ. ಯಾವುದನ್ನು ಆರಿಸಲಿ? ತಪ್ಪು ಆರಿಸಿದರೆ ಹದಿನಾಲ್ಕು ವರ್ಷದ ಕೆಲಸ ಹಾಳಾದೀತೆಂಬ ಭಯ. ಹಾಂ, ನಮ್ಮ ಮಕ್ಕಳ ಕೈಗೆ ಸಿಗುವುದು ಅಪ್ಪನ ಫೋನು, ಅದೂ ಸಂಜೆ ಏಳರ ಮೇಲೆ.

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದ ಮುಖ್ಯವಾದ ಮಾತು ಕೊನೆಯ ಸಾಲಿನಲ್ಲಿದೆ. ಹೊಸ್ತಿಲು ದಾಟುವಾಗ ನೆನಪಾಗಿ ಹೇಳಿದ ಹಾಗೆ ಬರೆದಿದ್ದೀರಿ. ಅಪ್ಪನ ಫೋನು, ಸಂಜೆ ಏಳರ ಮೇಲೆ. ನನ್ನ ಉತ್ತರ ಶುರುವಾಗುವುದೇ ಅಲ್ಲಿಂದ. ಪಾಠವನ್ನು ಯಾರು, ಯಾವುದರಲ್ಲಿ, ಎಷ್ಟು ಹೊತ್ತು ನೋಡುತ್ತಾರೆ ಎಂದು ತಿಳಿಯದೆ ಸಾಫ್ಟ್‌ವೇರ್ ಕೊಳ್ಳುವುದು ಗಂಡು ಗೊತ್ತಾಗುವ ಮುಂಚೆ ಛತ್ರ ಹಿಡಿದ ಹಾಗೆ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ನಿಮ್ಮ ಪೆನ್‌ಡ್ರೈವಿನಲ್ಲಿ ಇರುವುದು ಪಾಠದ ಅರ್ಧ ಮಾತ್ರ. ನಿಮ್ಮ ಜಿಲ್ಲೆಯ ಮಲೆನಾಡಿನ ಕಡೆ ತಾಳಮದ್ದಳೆ ಕೇಳಿರುತ್ತೀರಿ. ಭಾಗವತರ ಮುಂದಿರುವ ಪ್ರಸಂಗ ಪುಸ್ತಕದಲ್ಲಿ ಪದ್ಯಗಳಷ್ಟೇ ಇರುತ್ತವೆ. ಕೂಟವನ್ನು ಬೆಳಗಿನವರೆಗೆ ಎಬ್ಬಿಸಿ ಇಡುವುದು ಅರ್ಥಧಾರಿಯ ಮಾತು, ಅದು ಆ ಪುಸ್ತಕದಲ್ಲಿ ಇರುವುದಿಲ್ಲ. ಪಿಪಿಟಿಯೂ ಪ್ರಸಂಗ ಪುಸ್ತಕವೇ. 'ದ್ಯುತಿಸಂಶ್ಲೇಷಣೆ' ಎಂಬ ತಲೆಬರಹ, ಒಂದು ಎಲೆಯ ಚಿತ್ರ, ನಾಲ್ಕು ಬಾಣ. ಉಳಿದದ್ದನ್ನು ಹೇಳಿದ್ದು ನೀವು. ಎಷ್ಟೇ ದುಬಾರಿಯ ಪರಿವರ್ತಕವಾದರೂ ಪದ್ಯವನ್ನು ಮಾತ್ರ ಸಾಗಿಸುತ್ತದೆ. ಅರ್ಥವನ್ನು ನೀವೇ ಹತ್ತಿಸಬೇಕು. ಆದ್ದರಿಂದ ಸಾಫ್ಟ್‌ವೇರನ್ನು ತೂಗುವ ನನ್ನ ತಕ್ಕಡಿ ಒಂದೇ: ನಿಮ್ಮ ಮಾತನ್ನು ಸ್ಲೈಡಿನ ಜೊತೆ ಕಟ್ಟಿ, ಅಗ್ಗದ ಫೋನಿಗೆ ತಲುಪಿಸಲು ಯಾವುದರಿಂದ ಸುಲಭ?

ಗಜಿಬಿಜಿಯ ಕಥೆ

ಅದಕ್ಕೂ ಮೊದಲು ನುಡಿಯ ಸಂಗತಿ ಮುಗಿಸಬೇಕು. ಇದು ಬಗೆಹರಿಯದೆ ಯಾವ ಸಾಫ್ಟ್‌ವೇರೂ ನಿಮಗೆ ಒಗ್ಗುವುದಿಲ್ಲ, ಯಾವುದರಲ್ಲೂ ತಪ್ಪಿಲ್ಲದಿದ್ದರೂ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಂಪ್ಯೂಟರ್ ಕಾಪಿಡುತ್ತಿದ್ದುದು ಕನ್ನಡ ಅಕ್ಷರಗಳನ್ನಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಲಿಪಿಯ ಅಕ್ಷರಗಳನ್ನು. ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿದ್ದುದು ಫಾಂಟ್. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಗೂಗಲ್ ಸ್ಲೈಡ್ಸ್‌ನಲ್ಲಿ ನೀವು ಕಂಡದ್ದು ಅದನ್ನೇ. ಯೂನಿಕೋಡಿನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಹಾಗಾಗಿ ಫಾಂಟ್ ಬದಲಾದರೂ 'ಕ' ಎಂಬುದು 'ಕ'ವೇ.

ಇಲ್ಲಿ ಮೂರು ಗುಂಡಿಗಳಿವೆ, ಬಿದ್ದವರ ಸಾಲಿನಲ್ಲಿ ನಾನೂ ಇದ್ದೇನೆ.

ಒಂದು, ಪವರ್‌ಪಾಯಿಂಟಿನ 'ರೀಪ್ಲೇಸ್ ಫಾಂಟ್ಸ್'. ಇದರಿಂದ ನುಡಿ ಹೋಗಿ ನಿರ್ಮಲಾ ಯುಐ ಬರುತ್ತದೆ ನಿಜ, ಆದರೆ ಅದು ಮುಖವಾಡವನ್ನಷ್ಟೇ ಬದಲಿಸುತ್ತದೆ. ಒಳಗಿನ ಸಂಕೇತ ಹಾಗೇ ಉಳಿದು ಗಜಿಬಿಜಿ ಬಯಲಾಗುತ್ತದೆ. ಬೇಕಾದದ್ದು ಪಠ್ಯದ ಪರಿವರ್ತನೆ. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕಗಳು ಬರುತ್ತವೆ.

ಎರಡು, ನಿಮ್ಮಂಥ ವಿಜ್ಞಾನದವರಿಗೇ ತೋಡಿದ ಗುಂಡಿ. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರ ಯಾವುದು, ನುಡಿಯ ಅಕ್ಷರ ಯಾವುದು ಎಂದು ತಿಳಿಯದು. ನುಡಿಯ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ 'ಎಚ್' ಅಂದರೆ 'ಊ', ದೊಡ್ಡ 'ಒ' ಅಂದರೆ 'ಔ', ದೊಡ್ಡ 'ಸಿ' ಅಂದರೆ 'ಅ'. ನೀರಿನ ಸೂತ್ರವನ್ನು ಪರಿವರ್ತಕದೊಳಗೆ ಹಾಕಿದರೆ 'ಊ2ಔ' ಎಂದು ಹೊರಬರುತ್ತದೆ. ಕಾರ್ಬನ್ ಡೈಆಕ್ಸೈಡ್ 'ಅಔ2' ಆಗುತ್ತದೆ. ಆದ್ದರಿಂದ ಸೂತ್ರಗಳನ್ನೂ ಇಂಗ್ಲಿಷ್ ಪದಗಳನ್ನೂ ಬಿಟ್ಟು ಕನ್ನಡದ ಭಾಗವನ್ನಷ್ಟೇ ಪರಿವರ್ತಿಸಿ, ಆಮೇಲೆ ಒಮ್ಮೆ ಕಣ್ಣಾರೆ ಓದಿ.

ಮೂರು, ಪಿಡಿಎಫ್ ಮಾಡಿದರೆ ನುಡಿಯ ಸಮಸ್ಯೆ ಹೋಯಿತು ಎಂಬ ಭ್ರಮೆ. ಪಿಡಿಎಫ್ ಫಾಂಟನ್ನು ತನ್ನೊಳಗೇ ಇಟ್ಟುಕೊಳ್ಳುವುದರಿಂದ ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಮಗು 'ವಿದ್ಯುತ್' ಎಂದು ಹುಡುಕಿದರೆ ಆ ಕಡತದಲ್ಲಿ ಅಂಥ ಪದವೇ ಇರುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳಲಾರದು. ಹುಡುಕಿದರೆ ಸಿಗದ ಪಾಠ ಜಾಲದಲ್ಲಿ ಇದ್ದರೂ ಇಲ್ಲದ ಲೆಕ್ಕ.

126ನ್ನೂ ಒಟ್ಟಿಗೆ ಪರಿವರ್ತಿಸಲು ಹೊರಟರೆ ಬೇಸತ್ತು ಬಿಡುತ್ತೀರಿ. ಮಕ್ಕಳು ಪ್ರತಿವರ್ಷ ಕಷ್ಟಪಡುವ ಹತ್ತು ಪಾಠಗಳನ್ನು ಆರಿಸಿ. ಯಾವ ಹತ್ತು ಎಂದು ನನಗಿಂತ ನಿಮಗೆ ಗೊತ್ತು.

ಇನ್ನು ಆಯ್ಕೆಗಳು

ಪಿಡಿಎಫ್: ಕೇಳಿ ನಗಬೇಡಿ. ಇದು 2008ರಿಂದ ಅಂತಾರಾಷ್ಟ್ರೀಯ ಮಾನಕ, ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಅಗ್ಗದ ಫೋನಿನಲ್ಲೂ ತೆರೆಯುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಡ, ವಾಟ್ಸಾಪಿನಲ್ಲಿ ಕಳಿಸಬಹುದು. ಇದರಲ್ಲಿ ಅನೇಕರು ಗಮನಿಸದ ಒಂದು ಸೌಲಭ್ಯವಿದೆ. ಪವರ್‌ಪಾಯಿಂಟಿನಲ್ಲಿ ಪ್ರತಿ ಸ್ಲೈಡಿನ ಕೆಳಗೆ 'ನೋಟ್ಸ್' ಎಂಬ ಜಾಗ ಖಾಲಿ ಬಿದ್ದಿರುತ್ತದೆ. ತರಗತಿಯಲ್ಲಿ ಆ ಸ್ಲೈಡಿಗೆ ನೀವು ಹೇಳುವ ಮಾತನ್ನು, ಹೇಳುವ ಧಾಟಿಯಲ್ಲೇ, ಐದಾರು ವಾಕ್ಯದಲ್ಲಿ ಅಲ್ಲಿ ಬರೆಯಿರಿ. ಪಿಡಿಎಫ್ ಆಗಿ ಉಳಿಸುವಾಗ 'ಆಪ್ಷನ್ಸ್' ಒತ್ತಿ, 'ಸ್ಲೈಡ್ಸ್' ಇರುವ ಕಡೆ 'ನೋಟ್ಸ್ ಪೇಜಸ್' ಆರಿಸಿ. ಮೇಲೆ ಚಿತ್ರ, ಕೆಳಗೆ ನಿಮ್ಮ ಮಾತು. ಫೋನನ್ನು ನೆಟ್ಟಗೆ ಹಿಡಿದು ಓದಲು ಹೇಳಿ ಮಾಡಿಸಿದ ಪುಟ. ಪದ್ಯದ ಕೆಳಗೇ ಅರ್ಥ ಕೂತಿತು, ಖರ್ಚು ಸೊನ್ನೆ.

ಪಿಡಿಎಫ್‌ಗೆ ಒಂದು ದೋಷ ಉಂಟು: ಅನಿಮೇಷನ್ ಸತ್ತುಹೋಗುತ್ತದೆ. ಹೃದಯದ ನಾಲ್ಕು ಕೋಣೆಗಳನ್ನು ಒಂದರ ಮೇಲೊಂದು ಚಿತ್ರವಿಟ್ಟು ಕ್ಲಿಕ್ಕಿಗೊಂದರಂತೆ ತೋರಿಸಿದ್ದರೆ, ಪಿಡಿಎಫ್‌ನಲ್ಲಿ ನಾಲ್ಕೂ ರಾಶಿ ಬೀಳುತ್ತವೆ. ಅಂಥ ಸ್ಲೈಡನ್ನು ನಾಲ್ಕು ಪ್ರತಿ ಮಾಡಿ, ಒಂದೊಂದರಲ್ಲಿ ಒಂದೊಂದು ಹಂತ ಉಳಿಸಿ. ಮಗು ಬೆರಳಿನಿಂದ ಸರಿಸಿದಂತೆ ಹಂತಗಳು ಒಂದಾದ ಮೇಲೊಂದು ಬರುತ್ತವೆ.

ಗೂಗಲ್ ಸ್ಲೈಡ್ಸ್: ಮಗ ಹೇಳಿದ್ದು ತಪ್ಪಲ್ಲ, ನುಡಿ ಅಡ್ಡ ಬಂತು ಅಷ್ಟೇ. ಯೂನಿಕೋಡಿಗೆ ತಂದ ಮೇಲೆ ಪಿಪಿಟಿ ಸಲೀಸಾಗಿ ಏರುತ್ತದೆ. ಕಡತ 100 ಎಂಬಿಯೊಳಗೆ ಇರಬೇಕು. ಅದಕ್ಕಿಂತ ದೊಡ್ಡದಿದ್ದರೆ ಪವರ್‌ಪಾಯಿಂಟಿನ 'ಕಂಪ್ರೆಸ್ ಪಿಕ್ಚರ್ಸ್' ಬಳಸಿ ಚಿತ್ರಗಳನ್ನು 150 ಪಿಪಿಐಗೆ ಇಳಿಸಿ, ಫೋನಿಗೆ ಅದು ಧಾರಾಳ. ಸರಳ ಅನಿಮೇಷನ್‌ಗಳು ಹೆಚ್ಚಾಗಿ ಉಳಿಯುತ್ತವೆ, 'ಮಾರ್ಫ್'ನಂಥವು ಉಳಿಯುವುದಿಲ್ಲ. 'ಪಬ್ಲಿಷ್ ಟು ವೆಬ್' ಕೊಟ್ಟರೆ ಕೊಂಡಿ ಸಿಗುತ್ತದೆ. ಇದರ ದೊಡ್ಡ ಗುಣವೆಂದರೆ ತಪ್ಪು ಕಂಡಾಗ ನೀವು ಮೂಲದಲ್ಲಿ ತಿದ್ದಿದರೆ ಸಾಕು, ಕೊಂಡಿ ಅದೇ ಇರುತ್ತದೆ. ಪ್ರತಿವರ್ಷ ಬದಲಾಗುವ ಪಾಠಗಳಿಗೆ ಇದು ಸರಿ. ಆದರೆ ಒಂದು ಎಚ್ಚರ. ಖಾತೆ ನಿಮ್ಮ ಸ್ವಂತದ್ದೇ ಆಗಿರಲಿ. ಶಾಲೆ ಕೊಟ್ಟ ಖಾತೆಯಲ್ಲಿಟ್ಟರೆ, ನೀವು ಹೊರಟ ಮೇಲೆ ಅದನ್ನು ಮುಚ್ಚಿದ ದಿನ ಪಾಠಗಳೂ ಹೋಗುತ್ತವೆ. ಸ್ವಂತ ಖಾತೆಯನ್ನೂ ಮರೆಯುವಂತಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ.

ವಿಡಿಯೋ: ಪವರ್‌ಪಾಯಿಂಟ್ 2013 ಅಥವಾ ಅದರ ನಂತರದ್ದು ಇದ್ದರೆ ಬೇರೆ ಸಾಫ್ಟ್‌ವೇರ್ ಬೇಡ. ಸ್ಲೈಡ್ ಶೋ ನಡೆಸುತ್ತಾ ನಿಮ್ಮ ಧ್ವನಿಯನ್ನು ರೆಕಾರ್ಡ್ ಮಾಡಿ ಎಂಪಿ4 ಆಗಿ ಉಳಿಸಬಹುದು. ಅನಿಮೇಷನ್‌ಗಳೆಲ್ಲ ಜೀವಂತವಾಗಿರುತ್ತವೆ. ಧ್ವನಿ ಒಂದೊಂದು ಸ್ಲೈಡಿಗೆ ಬೇರೆ ಬೇರೆಯಾಗಿ ಸೇರುವುದರಿಂದ ಏಳನೆಯ ಸ್ಲೈಡಿನಲ್ಲಿ ಕೆಮ್ಮು ಬಂದರೆ ಅದನ್ನಷ್ಟೇ ಮತ್ತೆ ಹೇಳಿದರಾಯಿತು. ಒಂದು ಗುಟ್ಟು: ಸ್ಲೈಡ್ ಬದಲಾಗುವ ಕ್ಷಣದಲ್ಲಿ ಮಾತಾಡಬೇಡಿ, ಆ ಹೊತ್ತಿನ ಧ್ವನಿ ದಾಖಲಾಗುವುದಿಲ್ಲ. ಒಂದು ಉಸಿರು ನಿಂತು ಮುಂದುವರಿಯಿರಿ. ಆದರೆ ವಿಡಿಯೋ ಡೇಟಾ ತಿನ್ನುತ್ತದೆ, ಅಪ್ಪನ ಫೋನಿನ ಡೇಟಾ ಅಪ್ಪನದು. ಆದ್ದರಿಂದ ಚಲನೆಯನ್ನು ತೋರಿಸದೆ ಗತ್ಯಂತರವೇ ಇಲ್ಲದ ಪಾಠಕ್ಕೆ ಮಾತ್ರ, ಏಳೆಂಟು ನಿಮಿಷದ ಒಳಗೆ, 720ಪಿಯಲ್ಲಿ ಮಾಡಿ. ಅಕ್ಷರಗಳನ್ನು ಓದಲು ಅಷ್ಟು ಸಾಕು.

ಚಂದಾ ಕಟ್ಟುವ ಪರಿವರ್ತಕಗಳು: ಐಸ್ಪ್ರಿಂಗ್, ಆರ್ಟಿಕ್ಯುಲೇಟ್‌ನಂಥವು. ಇವು ನಿಜಕ್ಕೂ ಶಕ್ತಿವಂತ ಸಾಧನಗಳು. ಅನಿಮೇಷನ್ ಉಳಿಸಿ ಎಚ್‌ಟಿಎಂಎಲ್5 ಆಗಿ ಮಾರ್ಪಡಿಸುತ್ತವೆ, ನಡುವೆ ಪ್ರಶ್ನೆಗಳನ್ನು ಸೇರಿಸಬಹುದು, ಸ್ಕಾರ್ಮ್ ಎಂಬ ಕಟ್ಟು ಮಾಡಿ ಮೂಡಲ್‌ನಂಥ ಕಲಿಕೆಯ ತಾಣಕ್ಕೆ ಏರಿಸಿದರೆ ಯಾರು ಪಾಠ ಮುಗಿಸಿದರು, ಯಾರಿಗೆ ಎಷ್ಟು ಅಂಕ ಎಂದು ದಾಖಲೆ ಸಿಗುತ್ತದೆ. ದೊಡ್ಡ ಕಂಪನಿಗೆ, ಮೂಡಲ್ ನಡೆಸುವ ಕಾಲೇಜಿಗೆ ಈ ಖರ್ಚು ತಕ್ಕದ್ದು. ನಿಮಗೆ ಬೇಡ. ಹೊರಬರುವುದು ಒಂದು ಕಡತವಲ್ಲ, ಹತ್ತಾರು ಸಣ್ಣ ಕಡತಗಳಿರುವ ಫೋಲ್ಡರ್. ಅದನ್ನು ವಾಟ್ಸಾಪಿನಲ್ಲಿ ಕಳಿಸಿ ತೆರೆಯುವಂತಿಲ್ಲ. ಗೂಗಲ್ ಡ್ರೈವಿನಲ್ಲಿ ಇಟ್ಟರೆ ಪುಟವಾಗಿ ಕಾಣಿಸುವುದಿಲ್ಲ, ಆ ಸೌಲಭ್ಯವನ್ನು ಗೂಗಲ್ 2016ರಲ್ಲೇ ನಿಲ್ಲಿಸಿತು. ವೆಬ್ ಸರ್ವರಿನಲ್ಲಿ ಜಾಗ ಬೇಕು, ನೋಡಿಕೊಳ್ಳುವವರು ಬೇಕು. ಚಂದಾ ಮುಗಿದ ಮೇಲೆ ಒಂದು ಕಾಗುಣಿತ ತಿದ್ದಬೇಕೆಂದರೂ ಮತ್ತೆ ಚಂದಾ.

ರಿವೀಲ್ ಜೆಎಸ್: ಅಳಿಯ ಪ್ರೋಗ್ರಾಮರ್ ಇರಬೇಕು. ಇದು ಉಚಿತ, ಮುಕ್ತ ತಂತ್ರಾಂಶ. ಹೊಸ ಸ್ಲೈಡುಗಳನ್ನು ನೇರವಾಗಿ ವೆಬ್ ಪುಟವಾಗಿ ಬರೆಯಲು ಸೊಗಸಾದ ದಾರಿ. ಆದರೆ ಇದು ಪಿಪಿಟಿಯನ್ನು ಪರಿವರ್ತಿಸುವುದಿಲ್ಲ, 126ನ್ನೂ ಮೊದಲಿನಿಂದ ಬರೆಯಬೇಕು. ಅಳಿಯನೇ ಕೂತು ಬರೆದುಕೊಡುವುದಾದರೆ ಬೇಡ ಅನ್ನಬೇಡಿ. ನೀವು ಕಲಿಯಲು ಹೊರಡಬೇಡಿ.

ಪವರ್‌ಪಾಯಿಂಟ್ ಕೊಳ್ಳಲಾಗದ ಸಹೋದ್ಯೋಗಿಗಳಿದ್ದರೆ ಉಚಿತವಾದ ಲಿಬ್ರೆ ಆಫೀಸಿನ ಇಂಪ್ರೆಸ್ ಹೇಳಿ. ಪಿಪಿಟಿ ತೆರೆದು ಪಿಡಿಎಫ್ ಮಾಡುವ ಕೆಲಸವನ್ನು ಅದು ಮಾಡಿಕೊಡುತ್ತದೆ. ಆದರೆ ಸಾಲುಗಳು ಅಲ್ಲಲ್ಲಿ ಜರುಗಬಹುದು, ಉಳಿಸುವ ಮುಂಚೆ ಪುಟಪುಟ ನೋಡಬೇಕು. 'ಇಲ್ಲಿ ಕಡತ ಹಾಕಿ, ಕ್ಷಣದಲ್ಲಿ ಪರಿವರ್ತಿಸಿ ಕೊಡುತ್ತೇವೆ' ಎನ್ನುವ ಅಪರಿಚಿತ ತಾಣಗಳ ಕಡೆ ಹೋಗಬೇಡಿ. ನಿಮ್ಮ ಕಡತ ಯಾರ ಯಂತ್ರದಲ್ಲಿ ಉಳಿಯಿತೋ ತಿಳಿಯುವುದಿಲ್ಲ.

ನಾನು ಕಲಿತ ಪಾಠ

ನಿಮ್ಮ ಭಯ ನನಗೆ ಹೊಸದಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ತರಬೇತಿಗಾಗಿ ನಾನೂ ಪರಿವರ್ತಕವೊಂದನ್ನು ಕೊಂಡಿದ್ದೆ. ಅದು ಪಿಪಿಟಿಯನ್ನು ಫ್ಲ್ಯಾಶ್ ಆಗಿ ಮಾಡಿಕೊಡುತ್ತಿತ್ತು. ಪುಟ ಮಗುಚುವ ಸದ್ದು ಸಮೇತ ಬಹಳ ಚೆಂದ. ಮೂವತ್ತೆರಡು ಪಾಠ ಪರಿವರ್ತಿಸಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಮೂಲ ಪಿಪಿಟಿಗಳನ್ನು ಅಳಿಸಿದೆ, 'ಹೇಗೂ ವೆಬ್ಬಿನಲ್ಲಿದೆಯಲ್ಲ' ಎಂದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ನ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ಓಡುವುದೇ ನಿಂತಿತು. ನನ್ನ ಮೂವತ್ತೆರಡು ಪಾಠಗಳು ಆವತ್ತು ಮೂವತ್ತೆರಡು ಬೂದು ಚೌಕಗಳಾದವು. ಅದು ನಿಲ್ಲುತ್ತದೆಂದು 2017ರಲ್ಲೇ ಸಾರಿದ್ದರು. ಕೇಳಿಸಿಕೊಳ್ಳದವನು ನಾನು.

ತಂತ್ರಾಂಶ ಯಾವುದೇ ಇರಲಿ, ಒಂದು ದಿನ ಹೋಗುತ್ತದೆ. ಪವರ್‌ಪಾಯಿಂಟಿನೊಳಗೇ 'ವೆಬ್ ಪುಟವಾಗಿ ಉಳಿಸು' ಎಂಬ ಆಯ್ಕೆ ಇತ್ತು, 2010ರ ಆವೃತ್ತಿಯ ಹೊತ್ತಿಗೆ ಅದನ್ನು ತೆಗೆದರು. ಆದ್ದರಿಂದ ತಪ್ಪು ಸಾಫ್ಟ್‌ವೇರ್ ಆರಿಸಿದರೆ ಕೆಲಸ ಹಾಳಾಗುತ್ತದೆ ಎಂಬುದು ಅರ್ಧ ಸತ್ಯ. ಹಾಳಾಗುವುದು ಮೂಲವನ್ನು ಬಿಟ್ಟುಕೊಟ್ಟಾಗ. ಯೂನಿಕೋಡಿನಲ್ಲಿ ತಿದ್ದಿದ, ನೋಟ್ಸ್ ತುಂಬಿದ ಮೂಲ ಪಿಪಿಟಿ ನಿಮ್ಮ ಬೀಜದ ಭತ್ತ. ಪಿಡಿಎಫ್, ವಿಡಿಯೋ, ಸ್ಲೈಡ್ಸ್ ಎಲ್ಲ ಆ ವರ್ಷದ ಬೆಳೆ. ಬೀಜ ಕಣಜದಲ್ಲಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬಿತ್ತಬಹುದು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಮನೆಯ ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲೊಂದು, ಗೂಗಲ್ ಡ್ರೈವಿನಲ್ಲೊಂದು ಪ್ರತಿ ಇರಲಿ.

ಏರಿಸುವ ಮುನ್ನ

ಪಿಪಿಟಿಯನ್ನು ಹಾಗೆಯೇ ಹಂಚಿದರೆ ನೀವು ಮರೆತದ್ದೂ ಜೊತೆಗೆ ಹೋಗುತ್ತದೆ. ಅಂಕಗಳ ಗ್ರಾಫ್ ಒಂದನ್ನು ಎಕ್ಸೆಲ್‌ನಿಂದ ತಂದು ಅಂಟಿಸಿದ್ದರೆ, ಅದರ ಹಿಂದೆ ಇಡೀ ಹಾಳೆ, ಮಕ್ಕಳ ಹೆಸರು ಮತ್ತು ಅಂಕಗಳ ಸಮೇತ, ಅಡಗಿ ಕೂತಿರಬಹುದು. ಕತ್ತರಿಸಿದ ಫೋಟೋದ ಕತ್ತರಿಸಿದ ಭಾಗವೂ ಒಳಗೆ ಉಳಿದಿರಬಹುದು. ಪವರ್‌ಪಾಯಿಂಟಿನ 'ಇನ್‌ಸ್ಪೆಕ್ಟ್ ಡಾಕ್ಯುಮೆಂಟ್' ಒಮ್ಮೆ ಓಡಿಸಿ, ಗ್ರಾಫ್‌ಗಳನ್ನು ಚಿತ್ರವಾಗಿ ಅಂಟಿಸಿ. ಒಂದು ಎಚ್ಚರ: ಆ ತಪಾಸಣೆ ನೋಟ್ಸನ್ನೂ ಅಳಿಸಲೇ ಎಂದು ಕೇಳುತ್ತದೆ. ಕಷ್ಟಪಟ್ಟು ಬರೆದದ್ದು ಹೋದೀತು, ಅದಕ್ಕಾಗಿ ಒಂದು ನಕಲು ಪ್ರತಿಯ ಮೇಲೆ ಓಡಿಸಿ, ಮೂಲದ ಮೇಲೆ ಬೇಡ. ತರಗತಿಯ ಮಕ್ಕಳ ಮುಖ ಕಾಣುವ ಫೋಟೋಗಳನ್ನು ತೆಗೆಯಿರಿ. ಗೂಗಲ್‌ನಲ್ಲಿ ಸಿಕ್ಕಿತೆಂದು ಹಾಕಿದ ಚಿತ್ರಗಳು ತರಗತಿಯ ಗೋಡೆಯ ಮೇಲೆ ನಡೆದುಹೋದವು. ಜಾಲದಲ್ಲಿ ಅವುಗಳಿಗೆ ಯಜಮಾನರಿರುತ್ತಾರೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಪುಟದಲ್ಲೂ ಪರವಾನಗಿ ಬರೆದಿರುತ್ತದೆ, ಅಲ್ಲಿಂದ ತೆಗೆದುಕೊಂಡು ಹೆಸರು ಹಾಕಿ. ಅದಕ್ಕಿಂತ ಚೆಂದದ್ದು ನೀವೇ ಬೋರ್ಡಿನ ಮೇಲೆ ಬಿಡಿಸಿದ ಚಿತ್ರದ ಫೋಟೋ.

ಪರೀಕ್ಷೆಯನ್ನು ನಿಮ್ಮ ಕಂಪ್ಯೂಟರಿನಲ್ಲಿ ಮಾಡಬೇಡಿ. ನಿಮ್ಮಲ್ಲಿ ನುಡಿ ಇದೆ, ಎಲ್ಲವೂ ಸರಿಯಾಗೇ ಕಾಣುತ್ತದೆ. ಒತ್ತಕ್ಷರ ತುಂಬಿದ ತಲೆಬರಹ, ಒಂದು ರಾಸಾಯನಿಕ ಸಮೀಕರಣ, ಒಂದು ಅನಿಮೇಷನ್, ಒಂದು ಕೋಷ್ಟಕ ಇರುವ ನಿಮ್ಮ ಅತಿ ಕಷ್ಟದ ಪಿಪಿಟಿ ಆರಿಸಿ. ಸಂಜೆ ಏಳಕ್ಕೆ ಯಾರಾದರೊಬ್ಬ ವಿದ್ಯಾರ್ಥಿಯ ಅಪ್ಪನ ಫೋನಿಗೆ ಕಳಿಸಿ, ಮಾರನೆಯ ದಿನ ಆ ಹುಡುಗನನ್ನು ಕೇಳಿ: ತೆರೆಯಿತಾ, ಓದಲಾಯಿತಾ, ನಾನಿಲ್ಲದೆ ಅರ್ಥವಾಯಿತಾ? ಮೂರಕ್ಕೂ ಹೌದು ಎಂದರೆ ಆ ದಾರಿಯೇ ನಿಮ್ಮದು.

ನನ್ನ ತೀರ್ಪು ಇಷ್ಟು. ಚಂದಾ ಕಟ್ಟಬೇಡಿ. ಹತ್ತು ಪಾಠಗಳನ್ನು ಯೂನಿಕೋಡಿಗೆ ತನ್ನಿ, ನೋಟ್ಸ್ ಬರೆಯಿರಿ, ಪಿಡಿಎಫ್ ಮಾಡಿ. ಅವುಗಳಲ್ಲಿ ಎರಡು ಮೂರಕ್ಕೆ ಮಾತ್ರ ವಿಡಿಯೋ. ಪ್ರತಿವರ್ಷ ತಿದ್ದಬೇಕಾದವು ಗೂಗಲ್ ಸ್ಲೈಡ್ಸ್‌ಗೆ ಹೋಗಲಿ. ಪಾಸ್‌ವರ್ಡನ್ನು ನಂಬಿಕೆಯ ಒಬ್ಬ ಕಿರಿಯ ಸಹೋದ್ಯೋಗಿಗೂ ಮಗನಿಗೂ ತಿಳಿಸಿಡಿ.

ನಿವೃತ್ತಿಯ ತನಕ ನೀವು ಇನ್ನೂ ಒಂದು ಸರ್ತಿ ಈ ಪಾಠಗಳನ್ನೆಲ್ಲ ತರಗತಿಯಲ್ಲಿ ಹೇಳಲಿದ್ದೀರಿ. ಹೇಳಿ ಬಂದ ಸಂಜೆಯೇ, ನಾಲಿಗೆಯ ಮೇಲಿನ ಮಾತು ಆರುವ ಮುಂಚೆ, ಆ ನೋಟ್ಸ್ ಬರೆದುಬಿಡಿ. ಮೇ ಕಳೆದ ಮೇಲೆ ಸಾಫ್ಟ್‌ವೇರ್ ಎಷ್ಟು ಬೇಕಾದರೂ ಸಿಗುತ್ತದೆ, ಆ ತರಗತಿ ಸಿಗುವುದಿಲ್ಲ.